‘ವಂಚನೆ’ ಎಂದು ಬರೆಯುವ ಮುನ್ನ: ಮುಂಬೈ ಕನ್ನಡಿಗರಿಗೊಂದು ಪದಬಳಕೆಯ ಕೈಪಿಡಿ

ಮುಂಬೈಯಲ್ಲಿ ನೆಲೆಸಿರುವ ಕನ್ನಡಿಗರ ದಿನ ಮೂರು ನಾಲ್ಕು ಭಾಷೆಗಳಲ್ಲಿ ಸಾಗುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು, ರೈಲಿನಲ್ಲಿ ಹಿಂದಿ, ವಸತಿ ಸೊಸೈಟಿಯ ಮತ್ತು ಸರ್ಕಾರಿ ಕಚೇರಿಯ ಕಾಗದಗಳಲ್ಲಿ ಮರಾಠಿ. ಯಾರನ್ನೋ ನಂಬಿ ಹಣ ಕಳೆದುಕೊಂಡ ದಿನ ಬಾಯಿಗೆ ಬರುವ ಮಾತುಗಳೂ ಈ ಎಲ್ಲ ಭಾಷೆಗಳಿಂದ ಬರುತ್ತವೆ. ಮೋಸ ಆಯಿತು, ಧೋಕಾ ಕೊಟ್ಟ, ಫಸಾಯಿಸಿದ, ದಗಾ ಮಾಡಿದ, ಟೋಪಿ ಹಾಕಿದ ಎನ್ನುತ್ತೇವೆ. ಆಡುಮಾತಿನಲ್ಲಿ ಇವೆಲ್ಲ ನಡೆಯುತ್ತವೆ, ಏಕೆಂದರೆ ಕೇಳುವವನು ಎದುರಿಗಿದ್ದಾನೆ, ಅರ್ಥವಾಗದಿದ್ದರೆ ಮತ್ತೆ ಕೇಳುತ್ತಾನೆ. ಆದರೆ ಅದೇ ಸಂಗತಿ ಠಾಣೆಗೆ ಕೊಡುವ ಅರ್ಜಿಯಾಗಿ, ಸಂಘದ ಸಭೆಯ ನಡಾವಳಿಯಾಗಿ, ಪತ್ರಿಕೆಗೆ ಕಳಿಸುವ ವರದಿಯಾಗಿ ಕಾಗದಕ್ಕೆ ಇಳಿದಾಗ ಬರೆದ ಪದವೇ ನಮ್ಮ ಪರವಾಗಿ ಮಾತನಾಡಬೇಕಾಗುತ್ತದೆ. ಆಗ ‘ವಂಚನೆ’ ಎಂಬ ಪದವನ್ನು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು, ಬರೆದರೆ ಹೇಗೆ ಬರೆಯಬೇಕು ಎಂಬುದನ್ನು ತಿಳಿದಿರುವುದು ಅಗತ್ಯ. ನ್ಯಾಯ ತಮ್ಮ ಕಡೆಗಿದ್ದೂ ಪದ ತಪ್ಪಿದ ಕಾರಣಕ್ಕೆ ಅಲೆಯಬೇಕಾದವರು ನಮ್ಮಲ್ಲಿ ಅನೇಕರಿದ್ದಾರೆ ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಈ ಪದದ ವಿಷಯದಲ್ಲಿ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಒಂದಿದೆ. ‘ಹಣ ಕೊಡಲಿಲ್ಲ’ ಎಂದರೆ ಒಬ್ಬನ ಕೆಲಸದ ಬಗ್ಗೆ ಹೇಳಿದಂತೆ. ‘ವಂಚಿಸಿದ’ ಎಂದರೆ ಅವನ ಮನಸ್ಸಿನ ಬಗ್ಗೆ ಹೇಳಿದಂತೆ. ಸತ್ಯ ಏನೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಬೇರೆಯದನ್ನು ನಂಬಿಸಿದ, ನಾವು ನಂಬಲಿ ಎಂದೇ ಹಾಗೆ ಮಾಡಿದ ಎಂಬ ಮೂರೂ ಮಾತುಗಳು ಆ ಒಂದೇ ಪದದಲ್ಲಿ ಅಡಗಿವೆ. ಸಂಸ್ಕೃತದ ‘ವಂಚ್’ ಧಾತುವಿಗೆ ಸೊಟ್ಟಗೆ ನಡೆ, ವಕ್ರವಾಗಿ ಸರಿ ಎಂಬ ಅರ್ಥವಿದೆ, ದಾರಿ ತಪ್ಪಿಸುವ ಭಾವ ಅಲ್ಲಿಂದಲೇ ಬಂದಿದೆ. ಆದ್ದರಿಂದ ಬರೆಯುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಎದುರಿನವನು ನಿಜವಲ್ಲದ ಯಾವ ಮಾತನ್ನು ಹೇಳಿದ, ಅಥವಾ ಹೇಳಲೇಬೇಕಾದ ಯಾವ ಸಂಗತಿಯನ್ನು ಮುಚ್ಚಿಟ್ಟ? ಅದು ನಿಜವಲ್ಲವೆಂದು ಹೇಳುವ ಹೊತ್ತಿಗೇ ಅವನಿಗೆ ಗೊತ್ತಿತ್ತೇ? ಆ ಮಾತನ್ನು ನಂಬಿಯೇ ನಾನು ಹಣ ಕೊಟ್ಟೆನೇ, ಸಹಿ ಹಾಕಿದೆನೇ? ಮೂರಕ್ಕೂ ಹೌದು ಎಂಬ ಉತ್ತರವಿದ್ದರೆ ‘ವಂಚನೆ’ ಎಂದು ಹಿಂಜರಿಯದೆ ಬರೆಯಬಹುದು. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಬೇರೆ ಪದ ಹುಡುಕಬೇಕು.

ಕಾನೂನು ಕೂಡ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ವಂಚನೆಯನ್ನು ವಿವರಿಸುವಾಗ, ಒಬ್ಬನನ್ನು ಮೋಸಗೊಳಿಸಿ ಅವನಿಂದ ಸ್ವತ್ತನ್ನು ಪಡೆಯುವುದನ್ನೂ, ಮೋಸಹೋಗದಿದ್ದರೆ ಅವನು ಮಾಡುತ್ತಿರಲಿಲ್ಲವೆಂಬಂಥ ಕೆಲಸವನ್ನು ಮಾಡಿಸಿ ಅವನ ದೇಹ, ಮನಸ್ಸು, ಮಾನ ಅಥವಾ ಸ್ವತ್ತಿಗೆ ಹಾನಿಯಾಗುವಂತೆ ಮಾಡುವುದನ್ನೂ ಹೇಳುತ್ತದೆ. ಅಪ್ರಾಮಾಣಿಕವಾಗಿ ಸಂಗತಿಯನ್ನು ಮರೆಮಾಚುವುದೂ ಮೋಸಗೊಳಿಸುವುದೇ ಎಂದು ಅಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಈ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಿದೆ. ಅದಕ್ಕೂ ಮೊದಲಿದ್ದ 1860ರ ದಂಡ ಸಂಹಿತೆಯಲ್ಲಿ ವಂಚಿಸಿ ಸ್ವತ್ತು ಪಡೆಯುವ ಅಪರಾಧದ ಕಲಮು 420 ಆಗಿತ್ತು, ‘ಚಾರ್ ಸೌ ಬೀಸ್’ ಮತ್ತು ‘ಫೋರ್ ಟ್ವೆಂಟಿ’ ಎಂಬ ಬೈಗುಳಗಳು ಆ ಸಂಖ್ಯೆಯಿಂದಲೇ ಹುಟ್ಟಿದವು. ಈಗ ಅದೇ ಅಪರಾಧ 318ನೇ ಕಲಮಿನ 4ನೇ ಉಪಕಲಮಿನಲ್ಲಿದೆ, ಶಿಕ್ಷೆ 7 ವರ್ಷದವರೆಗೆ ಇರಬಹುದು. 2024ರ ಜುಲೈಗಿಂತ ಮೊದಲು ನಡೆದ ಘಟನೆಗೆ ಹಳೆಯ ಕಲಮೇ ಅನ್ವಯವಾಗುವುದರಿಂದ, ಅರ್ಜಿಯಲ್ಲಿ ಹಣ ಕೊಟ್ಟ ದಿನಾಂಕವನ್ನು ಬಿಡದೆ ಬರೆಯಬೇಕು.

ಮೋಸಕ್ಕೂ ವಂಚನೆಗೂ ಇರುವ ಅಂತರ

ಇವೆರಡನ್ನೂ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸುತ್ತೇವೆ. ಬಹಳ ಸಲ ಅದರಿಂದ ತೊಂದರೆಯೂ ಆಗುವುದಿಲ್ಲ. ಆದರೆ ‘ಮೋಸ’ದ ವ್ಯಾಪ್ತಿ ‘ವಂಚನೆ’ಗಿಂತ ಬಹಳ ದೊಡ್ಡದು. ‘ಬಣ್ಣ ನೋಡಿ ಮೋಸಹೋದೆ’ ಎನ್ನುತ್ತೇವೆ, ಅಲ್ಲಿ ಮೋಸ ಮಾಡಿದವರು ಯಾರೂ ಇಲ್ಲ, ದಾದರ್ ಮಾರುಕಟ್ಟೆಯ ಮಾವಿನ ಹಣ್ಣಿನ ಹಳದಿ ಬಣ್ಣವನ್ನು ನಾವೇ ತಪ್ಪಾಗಿ ಓದಿಕೊಂಡಿದ್ದೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಂಥ ಮೋಸಕ್ಕೇ ಹೇಳಿದ್ದು. ‘ಊಟ ಏನೂ ಮೋಸವಿಲ್ಲ’ ಎಂದರೆ ಊಟ ಚೆನ್ನಾಗಿಯೇ ಇತ್ತು ಎಂದರ್ಥ. ಅಲ್ಲಿ ಮೋಸ ಎಂದರೆ ಕೊರತೆ. ‘ಜೀವಕ್ಕೆ ಮೋಸ ಬಂದೀತು’ ಎಂದು ಹಿರಿಯರು ಎಚ್ಚರಿಸುವಾಗ ಅದು ಅಪಾಯ. ಈ ಯಾವ ಜಾಗದಲ್ಲೂ ‘ವಂಚನೆ’ಯನ್ನು ಇಡಲಾಗುವುದಿಲ್ಲ. ‘ಊಟ ಏನೂ ವಂಚನೆಯಿಲ್ಲ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ.

ಇದರಿಂದ ಬರವಣಿಗೆಗೆ ದೊರೆಯುವ ಸೂತ್ರ ಇಷ್ಟು. ಮೋಸಕ್ಕೆ ಕರ್ತೃ ಇರಬಹುದು, ಇಲ್ಲದಿರಬಹುದು. ವಂಚನೆಗೆ ಕರ್ತೃ ಇರಲೇಬೇಕು. ‘ನನಗೆ ಮೋಸವಾಯಿತು’ ಎಂಬ ವಾಕ್ಯ ಪೂರ್ಣವಾಗಿ ಕೇಳಿಸುತ್ತದೆ, ‘ನನಗೆ ವಂಚನೆಯಾಯಿತು’ ಎಂದೊಡನೆ ‘ಯಾರಿಂದ?’ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ದೂರಿನಲ್ಲಿ ನಮಗೆ ಬೇಕಾಗಿರುವುದು ಆ ಪ್ರಶ್ನೆಯೇ. ಆದ್ದರಿಂದಲೇ ಅಧಿಕೃತ ಕಾಗದದಲ್ಲಿ ‘ಮೋಸವಾಗಿದೆ’ ಎಂದು ಕರ್ತೃವನ್ನು ಮರೆಸುವ ಬದಲು ‘ಇಂಥವರು ವಂಚಿಸಿದ್ದಾರೆ’ ಎಂದು ಬರೆಯುವುದು ಮೇಲು. ಸಂಕೋಚದಿಂದಲೋ ಪರಿಚಯದ ದಾಕ್ಷಿಣ್ಯದಿಂದಲೋ ನಮ್ಮವರು ‘ಆಗಿದೆ’ ಎಂಬ ಕ್ರಿಯಾಪದದ ಹಿಂದೆ ನಿಲ್ಲುವುದನ್ನು ಕಂಡಾಗ ಬೇಸರವಾಗುತ್ತದೆ, ಏಕೆಂದರೆ ಆ ದಾಕ್ಷಿಣ್ಯದ ಲಾಭ ವಂಚಿಸಿದವನಿಗೇ ಸಲ್ಲುತ್ತದೆ.

ಕೈಯೆತ್ತಿದವನು ವಂಚಕನಲ್ಲ

ಇನ್ನೊಂದು ಬದಿಯ ತಪ್ಪೂ ಅಷ್ಟೇ ಗಂಭೀರವಾದದ್ದು. ಕೊಟ್ಟ ಮಾತಿಗೆ ತಪ್ಪಿದ ಪ್ರತಿಯೊಬ್ಬನನ್ನೂ ವಂಚಕ ಎಂದು ಕರೆಯುವುದು ಪದಕ್ಕೂ ಅನ್ಯಾಯ, ಮನುಷ್ಯನಿಗೂ ಅನ್ಯಾಯ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ಹೇಳಲು ಒಳ್ಳೆಯ ನುಡಿಗಟ್ಟುಗಳಿವೆ. ‘ಕೈಕೊಟ್ಟ’ ಎಂದರೆ ನಂಬಿದ ಹೊತ್ತಿಗೆ ಒದಗಲಿಲ್ಲ ಎಂದರ್ಥ. ಮಳೆಯೂ ಕೈಕೊಡುತ್ತದೆ, ಯಂತ್ರವೂ ಕೈಕೊಡುತ್ತದೆ, ಅಲ್ಲಿ ಮನಸ್ಸಿನ ಕೆಡುಕಿನ ಪ್ರಶ್ನೆಯೇ ಇಲ್ಲ. ‘ಕೈಯೆತ್ತಿದ’ ಎಂದರೆ ತನ್ನಿಂದಾಗದು ಎಂದು ಸೋಲೊಪ್ಪಿದ. ‘ದಿವಾಳಿಯೆದ್ದ’ ಎಂದರೆ ಕೊಡುವ ಮನಸ್ಸಿದ್ದರೂ ಕೊಡಲು ಗತಿಯಿಲ್ಲದಂತಾದ.

ನಮ್ಮ ಹೋಟೆಲ್ ಕಾರ್ಮಿಕರ ಮತ್ತು ಚಾಳಿನ ಹೆಣ್ಣುಮಕ್ಕಳ ನಡುವೆ ನಡೆಯುವ ‘ಭಿಶಿ’ಯನ್ನೇ ತೆಗೆದುಕೊಳ್ಳೋಣ. ಹತ್ತು ಹನ್ನೆರಡು ಮಂದಿ ತಿಂಗಳಿಗಿಷ್ಟು ಎಂದು ಹಾಕಿ, ಸರದಿಯಂತೆ ಒಬ್ಬೊಬ್ಬರು ಒಟ್ಟು ಹಣವನ್ನು ಎತ್ತಿಕೊಳ್ಳುವ ಈ ಏರ್ಪಾಡನ್ನು ಊರ ಕಡೆ ಚೀಟಿ ಎನ್ನುತ್ತೇವೆ. ಹಣ ಕೂಡಿಡುವ ಹೆಂಗಸಿನ ಗಂಡ ಆಸ್ಪತ್ರೆ ಸೇರಿ, ಆಕೆ ಕೂಡಿಟ್ಟ ಹಣವನ್ನು ಅದಕ್ಕೆ ಖರ್ಚು ಮಾಡಿದಳು ಎಂದಿಟ್ಟುಕೊಳ್ಳಿ. ಇದು ತಪ್ಪು, ಹಣ ಹಿಂತಿರುಗಿಸಲೇಬೇಕು. ಆದರೆ ಆಕೆ ಮೊದಲ ತಿಂಗಳ ಹಣ ಪಡೆಯುವಾಗ ಸುಳ್ಳು ಹೇಳಿರಲಿಲ್ಲ. ಇದಕ್ಕೆ ಸಲ್ಲುವ ಪದ ‘ನಂಬಿಕೆ ದ್ರೋಹ’ ಅಥವಾ ‘ಹಣ ದುರುಪಯೋಗ’. ಅದೇ ಇನ್ನೊಬ್ಬಳು ಇಲ್ಲದ ಸದಸ್ಯರ ಹೆಸರುಗಳನ್ನು ಪಟ್ಟಿಯಲ್ಲಿ ಬರೆದು ತೋರಿಸಿ, ಎರಡು ಸರದಿ ಮುಗಿದೊಡನೆ ಊರು ಬಿಡುವ ಯೋಚನೆಯಿಂದಲೇ ಹಣ ಕೂಡಿಸಿದ್ದರೆ ಅದು ವಂಚನೆ. ಮೊದಲನೆಯಲ್ಲಿ ನಂಬಿಕೆ ನಿಜವಾಗಿತ್ತು, ಆಮೇಲೆ ಮುರಿಯಿತು. ಎರಡನೆಯಲ್ಲಿ ನಂಬಿಕೆಯೇ ಸುಳ್ಳಿನ ಮೇಲೆ ಕಟ್ಟಿದ್ದಾಗಿತ್ತು.

ಇದು ಕೇವಲ ಪದಪ್ರೇಮಿಗಳ ಸೂಕ್ಷ್ಮತೆಯಲ್ಲ. ಒಪ್ಪಂದ ಮುರಿದುದಷ್ಟೇ ವಂಚನೆಯಾಗದು, ಮಾತು ಕೊಟ್ಟ ಗಳಿಗೆಯಲ್ಲೇ ಅಪ್ರಾಮಾಣಿಕ ಉದ್ದೇಶ ಇತ್ತೆಂದು ತೋರಬೇಕು ಎಂದು ಸುಪ್ರೀಂ ಕೋರ್ಟ್ 2000ದ ತೀರ್ಪೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ವಂಚನೆ ಮತ್ತು ನಂಬಿಕೆ ದ್ರೋಹ ಬೇರೆ ಬೇರೆ ಅಪರಾಧಗಳು, ಒಂದೇ ಸಂಗತಿಯ ಮೇಲೆ ಎರಡೂ ಒಟ್ಟಿಗೆ ನಿಲ್ಲಲಾರವು ಎಂದು 2024ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಹೊಸ ಸಂಹಿತೆಯಲ್ಲೂ ನಂಬಿಕೆ ದ್ರೋಹಕ್ಕೆ 316ನೇ ಕಲಮು ಎಂಬ ಪ್ರತ್ಯೇಕ ಸ್ಥಾನವಿದೆ. ದೂರು ಬರೆಯುವವನು ಒಂದು ಸಾಲಿನಲ್ಲಿ ‘ಅವರು ಮೊದಲು ಒಳ್ಳೆಯವರೇ ಆಗಿದ್ದರು, ಆಮೇಲೆ ಬದಲಾದರು’ ಎಂದೂ ಮರುಸಾಲಿನಲ್ಲಿ ‘ಮೊದಲಿನಿಂದಲೂ ವಂಚಿಸಿದರು’ ಎಂದೂ ಬರೆದರೆ ತನ್ನ ಅರ್ಜಿಯನ್ನು ತಾನೇ ದುರ್ಬಲಗೊಳಿಸಿದಂತಾಗುತ್ತದೆ.

ಸಿವಿಲ್ ವ್ಯವಹಾರದಲ್ಲೂ ಇದೇ ಗೆರೆಯಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ತಾನೇ ನಂಬದ ಮಾತನ್ನು ನಿಜವೆಂದು ಹೇಳುವುದನ್ನೂ, ನೆರವೇರಿಸುವ ಉದ್ದೇಶವಿಲ್ಲದೆ ಮಾತು ಕೊಡುವುದನ್ನೂ ವಂಚನೆಯೊಳಗೆ ಸೇರಿಸುತ್ತದೆ. ತಾನು ನಿಜವೆಂದೇ ನಂಬಿ ಹೇಳಿದ ತಪ್ಪು ಮಾತು 18ನೇ ಕಲಮಿಗೆ ಸೇರುತ್ತದೆ. ಅದಕ್ಕೆ ಕನ್ನಡದಲ್ಲಿ ‘ತಪ್ಪು ನಿರೂಪಣೆ’ ಎಂದರೆ ಸಾಕು.

ಸುತ್ತಮುತ್ತಲಿನ ಪದಗಳು

ಕಪಟ ಎಂಬುದು ಸ್ವಭಾವವನ್ನು ಹೇಳುತ್ತದೆ, ವಂಚನೆ ಕೃತ್ಯವನ್ನು ಹೇಳುತ್ತದೆ. ಒಬ್ಬನ ಮನಸ್ಸಿನಲ್ಲಿ ಕಪಟವಿದ್ದೂ ಅವನು ಯಾರನ್ನೂ ವಂಚಿಸದೆ ಇರಬಹುದು, ‘ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ’ ಎಂಬ ಗಾದೆ ಅವನನ್ನು ಕುರಿತದ್ದು. ಆದ್ದರಿಂದ ದೂರಿನಲ್ಲಿ ‘ಕಪಟಿ’ ಎಂದು ಬರೆದು ಪ್ರಯೋಜನವಿಲ್ಲ, ಕಥೆಯಲ್ಲಿ ಬರೆಯಬಹುದು. ಠಕ್ಕು ಮತ್ತು ಠಕ್ಕ ಎಂಬುವು ವೇಷ ಮತ್ತು ಚಾಲಾಕಿತನವನ್ನು ಸೂಚಿಸುತ್ತವೆ. ಪಾರಸಿ ಮೂಲದ ದಗಾ ಮತ್ತು ದಗಾಕೋರ ಉತ್ತರ ಕರ್ನಾಟಕದಿಂದ ಬಂದವರ ಬಾಯಲ್ಲಿ ಸಹಜವಾಗಿ ಬರುತ್ತವೆ, ಮರಾಠಿಯವರಿಗೂ ಅರ್ಥವಾಗುತ್ತವೆ. ಆದರೆ ಅವುಗಳಲ್ಲಿ ಜತೆಗಾರನೇ ತಿರುಗಿಬಿದ್ದ ನೋವು ಹೆಚ್ಚು, ಅಪರಿಚಿತನ ಸುಳ್ಳಿಗೆ ಅವು ಅಷ್ಟಾಗಿ ಹೊಂದುವುದಿಲ್ಲ.

ನಕಲಿ ಮತ್ತು ಖೋಟಾ ಎಂಬ ಪದಗಳು ವಸ್ತುವಿನ ಗುಣವನ್ನು ಹೇಳುತ್ತವೆಯೇ ಹೊರತು ಅದನ್ನು ಕೈಯಲ್ಲಿ ಹಿಡಿದವನ ಮನಸ್ಸನ್ನಲ್ಲ. ಖಾನಾಪುರ ಮೂಲದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದಗಳು ನಕಲಿಯಾಗಿದ್ದವು. ಅವನ್ನು ಕೊಂಡು ಅದರ ಮೇಲೆ ಮನೆಯ ಕರಾರು ಬರೆಸಿದ ಜನರ ಕೈಯಲ್ಲಿಯೂ ಇದ್ದದ್ದು ನಕಲಿ ಕಾಗದವೇ, ಆದರೆ ಅವರು ವಂಚಕರಲ್ಲ, ವಂಚನೆಗೆ ಒಳಗಾದವರು. ‘ನಕಲಿ ದಾಖಲೆ ಕೊಟ್ಟ’ ಎಂದಷ್ಟೇ ಬರೆಯದೆ ‘ನಕಲಿಯೆಂದು ಗೊತ್ತಿದ್ದೂ ಕೊಟ್ಟ’ ಎಂದು ಬರೆದಾಗ ಮಾತ್ರ ವಾಕ್ಯ ವಂಚನೆಯ ಹೊಸ್ತಿಲಿಗೆ ಬರುತ್ತದೆ.

ಹಗರಣ ಎಂಬ ಪದ ಪತ್ರಿಕೆಗಳಿಂದಾಗಿ ಬಹಳ ಬಳಕೆಗೆ ಬಂದಿದೆ. 1992ರಲ್ಲಿ ಮುಂಬೈ ಷೇರು ಪೇಟೆಯನ್ನು ಅಲುಗಾಡಿಸಿದ ಹರ್ಷದ್ ಮೆಹ್ತಾ ಪ್ರಕರಣವನ್ನು ಹಗರಣ ಎಂದೇ ಬರೆದರು, ಹಾಗೆ ಬರೆದದ್ದು ಸರಿಯಾಗಿಯೂ ಇತ್ತು, ಏಕೆಂದರೆ ಹಗರಣವೆಂದರೆ ಅನೇಕರು, ಅನೇಕ ಸಂಸ್ಥೆಗಳು, ಬಯಲಾದ ಗುಟ್ಟು, ಸಾರ್ವಜನಿಕ ಗದ್ದಲ ಎಲ್ಲವೂ ಸೇರಿದ ಘಟನೆ. ಈ ಪದದ ಹಿಂದಿನ ರೂಪ ‘ಪಗರಣ’, ವೇಷ ಹಾಕಿ ಆಡುವ ಅಣಕದಾಟ. ಕಾರವಾರ, ಅಂಕೋಲಾ ಕಡೆಯವರಿಗೆ ಸುಗ್ಗಿಯ ಹಗರಣ ಇಂದಿಗೂ ಗೊತ್ತಿರುವ ಸಂಗತಿ. ಒಬ್ಬ ಏಜೆಂಟ್ ಒಬ್ಬ ಬಾಡಿಗೆದಾರನ ಹಣ ನುಂಗಿದರೆ ಅದನ್ನು ಹಗರಣ ಎನ್ನುವುದು ಉತ್ಪ್ರೇಕ್ಷೆ.

ವ್ಯಾಕರಣದ ಮಾತು

‘ವಂಚಿಸು’ ಸಕರ್ಮಕ ಕ್ರಿಯಾಪದ, ಅದಕ್ಕೆ ದ್ವಿತೀಯಾ ವಿಭಕ್ತಿ ಸಹಜ: ‘ಗ್ರಾಹಕರನ್ನು ವಂಚಿಸಿದ’. ‘ವಂಚನೆ ಮಾಡು’ ಎಂದಾಗ ಚತುರ್ಥಿ ಬರುತ್ತದೆ: ‘ಗ್ರಾಹಕರಿಗೆ ವಂಚನೆ ಮಾಡಿದ’. ಪತ್ರಿಕೆಗಳಲ್ಲಿ ‘ಗ್ರಾಹಕರಿಗೆ ವಂಚಿಸಿದ’ ಎಂಬ ಮಿಶ್ರರೂಪವೂ ಕಾಣುತ್ತದೆ, ಅದು ಈಗ ರೂಢಿಯಾಗಿದೆ, ಆದರೂ ಎಚ್ಚರದ ಬರವಣಿಗೆಯಲ್ಲಿ ಮೊದಲ ಎರಡನ್ನೇ ಬಳಸುವುದು ಒಳ್ಳೆಯದು. ಹಣದ ಮೊತ್ತವನ್ನು ಹೇಳುವಾಗ ‘2 ಲಕ್ಷ ರೂ. ವಂಚನೆ’ ಎಂಬ ತಲೆಬರಹದ ಭಾಷೆಯನ್ನು ಅರ್ಜಿಗೆ ತರಬಾರದು. ‘2 ಲಕ್ಷ ರೂಪಾಯಿ ಪಡೆದು ವಂಚಿಸಿದ’ ಎಂದಾಗ ಪಡೆದದ್ದು ಬೇರೆ, ವಂಚಿಸಿದ್ದು ಬೇರೆ ಎಂಬುದು ತಿಳಿಯುತ್ತದೆ. ‘ತೆರಿಗೆ ವಂಚನೆ’ ಎಂಬಲ್ಲಿ ವಂಚಿತವಾಗುವುದು ಸರ್ಕಾರ, ತೆರಿಗೆಯಲ್ಲ, ಆ ಸಮಾಸ ಗಟ್ಟಿಯಾಗಿ ನಿಂತುಬಿಟ್ಟಿರುವುದರಿಂದ ಹಾಗೆಯೇ ಬಳಸಬಹುದು.

ಎಲ್ಲಕ್ಕಿಂತ ಹೆಚ್ಚು ಎಡವುವುದು ‘ವಂಚಿತ’ ಎಂಬ ಪದದಲ್ಲಿ. ರೂಪದಿಂದ ನೋಡಿದರೆ ವಂಚಿಸಲ್ಪಟ್ಟವನು ಎಂದೇ ಅರ್ಥವಾಗಬೇಕು. ಆದರೆ ಇಂದಿನ ಕನ್ನಡದಲ್ಲಿ ‘ಸೌಲಭ್ಯದಿಂದ ವಂಚಿತರು’, ‘ಅವಕಾಶವಂಚಿತರು’ ಎಂದರೆ ಸಿಗಬೇಕಾದದ್ದು ಸಿಗದವರು. ಯಾರೋ ಬೇಕೆಂದೇ ಸುಳ್ಳು ಹೇಳಿದರು ಎಂಬ ಧ್ವನಿ ಅದರಲ್ಲಿಲ್ಲ. ಮರಾಠಿಯಲ್ಲೂ ಹಾಗೆಯೇ, ಮಹಾರಾಷ್ಟ್ರದ ‘ವಂಚಿತ ಬಹುಜನ ಆಘಾಡಿ’ ಪಕ್ಷದ ಹೆಸರಿನಲ್ಲಿ ಇರುವುದು ಅವಕಾಶ ಸಿಗದವರೆಂಬ ಅರ್ಥ. ಆದ್ದರಿಂದ ‘ನಾನು ಹಣದಿಂದ ವಂಚಿತನಾಗಿದ್ದೇನೆ’ ಎಂದು ಅರ್ಜಿಯಲ್ಲಿ ಬರೆದರೆ, ಯಾವುದೋ ಅನುದಾನ ತನಗೆ ಬಂದಿಲ್ಲವೆಂದು ಈತ ದೂರುತ್ತಿದ್ದಾನೆ ಎಂದು ಓದುವವರು ತಿಳಿಯುವ ಸಾಧ್ಯತೆಯೇ ಹೆಚ್ಚು. ‘ವಂಚನೆಗೆ ಒಳಗಾಗಿದ್ದೇನೆ’ ಎಂದು ಬರೆಯಬೇಕು.

ಆತ್ಮವಂಚನೆ ಎಂಬ ಸಮಾಸದ ಬಲವೂ ಇದೇ ಅರ್ಥದಿಂದ ಬಂದದ್ದು. ಗೊತ್ತಿದ್ದೂ ನಂಬಿಸುವವನು ಮತ್ತು ಗೊತ್ತಿಲ್ಲದೆ ನಂಬುವವನು ಅಲ್ಲಿ ಒಬ್ಬನೇ ಆಗಿರುತ್ತಾನೆ. ಸುಮ್ಮನೆ ತಪ್ಪು ತಿಳಿದುಕೊಂಡಿದ್ದಕ್ಕೆ ಆ ಪದವನ್ನು ಬಳಸಬಾರದು.

ಮರಾಠಿ, ಹಿಂದಿ, ಕೊಂಕಣಿಯ ನಡುವೆ ಪದ ಜಾರುವ ಬಗೆ

ಮುಂಬೈ ಅಥವಾ ಪುಣೆಯ ಠಾಣೆಯಲ್ಲಿ ನಮ್ಮ ಮಾತು ಮರಾಠಿಯಲ್ಲಿ ದಾಖಲಾಗುತ್ತದೆ. ವಂಚನೆಗೆ ಮರಾಠಿಯ ದಿನಬಳಕೆಯ ಪದ ‘ಫಸವಣೂಕ’. ಕಾನೂನಿನ ಮರಾಠಿಯಲ್ಲಿ ‘ಠಕವಣೂಕ’ ಎಂಬುದೂ ಇದೆ, ನಮ್ಮ ಠಕ್ಕಿನ ಬಂಧು ಅದು. ‘ಫಸವಣೇ’ ಎಂದರೆ ಮರಾಠಿಯಲ್ಲಿ ವಂಚಿಸುವುದು. ಹಿಂದಿಯ ‘ಫಸಾನಾ’ ಎಂದರೆ ಸಿಕ್ಕಿಹಾಕಿಸುವುದು, ಮಾಡದ ತಪ್ಪಿನಲ್ಲಿ ಸಿಲುಕಿಸುವುದು. ಮುಂಬೈ ಕನ್ನಡದಲ್ಲಿ ಇವೆರಡೂ ಬೆರೆತು ‘ಫಸಾಯಿಸಿದ’ ಎಂಬ ಒಂದೇ ರೂಪವಾಗಿದೆ. ಹಣ ಕಳೆದುಕೊಂಡ ನಮ್ಮವನೊಬ್ಬ ‘ಉಸ್ನೇ ಮುಝೇ ಫಸಾಯಾ’ ಎಂದು ಹೇಳಿದರೆ, ಈತನ ಮೇಲೆ ಯಾವುದೋ ಸುಳ್ಳು ಕೇಸು ಬಿದ್ದಿದೆ ಎಂದು ಕೇಳುವವರು ತಿಳಿಯಬಹುದು. ‘ಮಾಝೀ ಫಸವಣೂಕ ಝಾಲೀ ಆಹೇ’ ಎಂಬ ಒಂದು ಮರಾಠಿ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರೆ ಈ ಗೊಂದಲವೇ ಇರುವುದಿಲ್ಲ.

‘ಧೋಕಾ’ ಇನ್ನೂ ಹೆಚ್ಚು ಜಾರುವ ಪದ. ಹಿಂದಿಯಲ್ಲಿ ಅದು ಮೋಸ, ವಿಜಯಪುರ, ಕಲಬುರಗಿಯ ಕನ್ನಡದಲ್ಲೂ ಮೋಸ. ಮರಾಠಿಯಲ್ಲಿ ಅದು ಅಪಾಯ. ವಿದ್ಯುತ್ ಕಂಬದ ಮೇಲಿನ ತಲೆಬುರುಡೆಯ ಚಿತ್ರದೊಂದಿಗೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಇದೇ ‘ಧೋಕಾ’. ‘ನನಗೆ ಅವನಿಂದ ಧೋಕಾ ಇದೆ’ ಎಂಬ ಮಾತು ಮರಾಠಿಗೆ ತಿರುಗಿದಾಗ ಜೀವಬೆದರಿಕೆಯ ದೂರಾಗುತ್ತದೆ. ನಮ್ಮ ‘ಮೋಸ’ದಲ್ಲಿಯೂ ಅಪಾಯದ ಅರ್ಥ ಉಳಿದಿರುವುದನ್ನು ಮೇಲೆ ನೋಡಿದೆವು. ಎರಡೂ ಭಾಷೆಗಳಲ್ಲಿ ಈ ಎರಡು ಅರ್ಥಗಳು ನೆರೆಹೊರೆಯಲ್ಲಿ ಬಾಳಿವೆ. ಇದೇ ರೀತಿ ಮರಾಠಿಯ ‘ತಕ್ರಾರ’ ಎಂದರೆ ದೂರು, ಕನ್ನಡದ ‘ತಕರಾರು’ ಎಂದರೆ ಆಕ್ಷೇಪ. ಮರಾಠಿಯ ‘ಅಪಹಾರ’ ಎಂದರೆ ಒಪ್ಪಿಸಿದ ಹಣವನ್ನು ನುಂಗಿಹಾಕುವುದು, ಅದನ್ನು ಕನ್ನಡದ ಅಪಹರಣವೆಂದು ಓದಿಕೊಂಡು ಗಾಬರಿಯಾಗಬೇಕಿಲ್ಲ.

ಬೇರೊಬ್ಬನ ಹೆಸರು ಹೇಳಿಕೊಂಡು ವಂಚಿಸಿದವನಿಗೆ ಮರಾಠಿಯಲ್ಲಿ ‘ತೋತಯಾ’ ಎಂಬ ಪದವಿದೆ. ಈ ಪದದೊಂದಿಗೆ ಪುಣೆಯ ಚರಿತ್ರೆಯೇ ಅಂಟಿಕೊಂಡಿದೆ. 1761ರ ಪಾಣಿಪತ್ ಯುದ್ಧದಲ್ಲಿ ಕಾಣೆಯಾದ ಮರಾಠಾ ಸೇನಾಪತಿ ಸದಾಶಿವರಾವ್ ಭಾವೂ ತಾನೇ ಎಂದು ಹೇಳಿಕೊಂಡು ಬಂದವನೊಬ್ಬ ಪೇಶ್ವೆಗಳ ಆಡಳಿತವನ್ನೇ ವರ್ಷಗಳ ಕಾಲ ಕಾಡಿದ, ಕೊನೆಗೆ 1776ರಲ್ಲಿ ಅವನಿಗೆ ಮರಣದಂಡನೆಯಾಯಿತು. ಬ್ಯಾಂಕ್ ಅಧಿಕಾರಿ, ಪೊಲೀಸ್ ಅಧಿಕಾರಿ ಎಂದು ಹೇಳಿಕೊಂಡು ಫೋನ್ ಮಾಡುವವರು ಇಂದಿನ ತೋತಯಾಗಳು. ಅವರ ಕೃತ್ಯಕ್ಕೆ ನ್ಯಾಯ ಸಂಹಿತೆಯಲ್ಲಿ 319ನೇ ಕಲಮಿದೆ. ಕನ್ನಡದಲ್ಲಿ ‘ಸೋಗು ಹಾಕಿ ವಂಚಿಸಿದ’ ಎಂದು ಬರೆಯುವುದು ಸರಿಯಾಗುತ್ತದೆ. ಇಂಥ ಫೋನ್ ಅಥವಾ ಆನ್‌ಲೈನ್ ವಂಚನೆಯಾದಾಗ ಪದಗಳ ಚಿಂತೆಯನ್ನು ಬದಿಗಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ತಡೆಯುವ ಅವಕಾಶ ಆ ಮೊದಲ ಗಂಟೆಗಳಲ್ಲಿಯೇ ಹೆಚ್ಚು.

ಗೋವಾದಲ್ಲಿ, ವಾಸ್ಕೋ, ಮಡಗಾಂವ್ ಕಡೆ ದುಡಿಯುವ ನಮ್ಮವರಿಗೆ ಕೊಂಕಣಿಯ ‘ಫಟ’ ಕೇಳಿ ಗೊತ್ತಿರುತ್ತದೆ. ಅದು ಸುಳ್ಳು. ‘ಫಟವಪ’ ಎಂದರೆ ವಂಚಿಸುವುದು, ‘ಫಟಿಂಗ’ ಎಂದರೆ ಸುಳ್ಳುಗಾರ. ಕರಾವಳಿ ಕನ್ನಡದ ‘ಪಟಿಂಗ’ನಲ್ಲಿ ಪುಂಡತನ ಹೆಚ್ಚು, ಸುಳ್ಳು ಕಡಿಮೆ. ಒಂದರ ಜಾಗದಲ್ಲಿ ಇನ್ನೊಂದು ಬೇಡ.

ಒಂದು ಅರ್ಜಿಯನ್ನು ತಿದ್ದಿ ನೋಡುವುದು

ಮುಂಬೈಯಲ್ಲಿ ಸಾಮಾನ್ಯವಾಗಿ ನಡೆಯುವ ‘ಹೆವಿ ಡಿಪಾಸಿಟ್’ ವ್ಯವಹಾರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ಅಥವಾ ಅಲ್ಪ ಬಾಡಿಗೆಗೆ ಇದ್ದು, ಬಿಡುವಾಗ ಮೊತ್ತವನ್ನು ಹಿಂಪಡೆಯುವ ಏರ್ಪಾಡು ಅದು. ಅದರಲ್ಲಿ ಹಣ ಕಳೆದುಕೊಂಡವರೊಬ್ಬರು ಹೀಗೆ ಬರೆಯುತ್ತಾರೆ ಎಂದುಕೊಳ್ಳಿ:

“ಆ ವ್ಯಕ್ತಿಯಿಂದ ನಮಗೆ ದೊಡ್ಡ ಮೋಸವಾಗಿದೆ. ಕಷ್ಟಪಟ್ಟು ದುಡಿದ ಹಣವೆಲ್ಲ ಹೋಯಿತು. ಆತ ಪಕ್ಕಾ ಚಾರ್ ಸೌ ಬೀಸ್. ಎಷ್ಟು ಸಲ ಕೇಳಿದರೂ ಇಂದು, ನಾಳೆ ಎನ್ನುತ್ತಾನೆ. ದಯವಿಟ್ಟು ನ್ಯಾಯ ದೊರಕಿಸಿಕೊಡಿ.”

ಬರೆದವರ ಸಂಕಟ ಇಲ್ಲಿ ನಿಜ. ಆದರೆ ಈ ಸಾಲುಗಳನ್ನು ಓದಿದ ಅಧಿಕಾರಿಗೆ ಕಾಣುವುದು ಒಂದು ಬಾಕಿ ವಸೂಲಿಯ ಜಗಳ. ‘ಇಂದು, ನಾಳೆ’ ಎಂಬ ಮಾತು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹೇಳಿದ ಸುಳ್ಳು ಯಾವುದು ಎಂಬುದೇ ಇಲ್ಲಿಲ್ಲ. ಇದನ್ನು ಹೀಗೆ ಬರೆಯಬಹುದು:

“ಡೊಂಬಿವಲಿಯ ಈ ವಿಳಾಸದ ಮನೆ ತನ್ನದೇ ಎಂದು ಆತ ನನಗೆ ಹೇಳಿ, ತನ್ನ ಹೆಸರಿದ್ದ ವಿದ್ಯುತ್ ಬಿಲ್ಲನ್ನು ತೋರಿಸಿದನು. ಆ ಮಾತನ್ನು ನಂಬಿ ನಾನು ಹೆವಿ ಡಿಪಾಸಿಟ್ ಆಗಿ 3 ಲಕ್ಷ ರೂಪಾಯಿಯನ್ನು ಆತನ ಖಾತೆಗೆ ವರ್ಗಾಯಿಸಿದೆನು. ಮನೆ ಬೇರೊಬ್ಬರದೆಂದೂ ಆತ ಅಲ್ಲಿ 11 ತಿಂಗಳ ಬಾಡಿಗೆದಾರನಷ್ಟೇ ಎಂದೂ ಅನಂತರ ಸೊಸೈಟಿಯ ಕಚೇರಿಯಲ್ಲಿ ನನಗೆ ತಿಳಿಯಿತು. ಅದೇ ಮನೆಗೆ ಇನ್ನೊಂದು ಕುಟುಂಬದಿಂದಲೂ ಆತ ಡಿಪಾಸಿಟ್ ಪಡೆದಿದ್ದಾನೆ. ಮನೆ ತನ್ನದಲ್ಲವೆಂದು ಗೊತ್ತಿದ್ದೂ ತನ್ನದೆಂದು ನಂಬಿಸಿ, ಹಣ ಪಡೆದು, ಆತ ನನ್ನನ್ನು ವಂಚಿಸಿದ್ದಾನೆ.”

ಇಲ್ಲಿ ‘ವಂಚಿಸಿದ್ದಾನೆ’ ಎಂಬ ಪದ ಒಮ್ಮೆ ಮಾತ್ರ ಬಂದಿದೆ, ಅದೂ ಕೊನೆಯಲ್ಲಿ. ಅದಕ್ಕೂ ಮೊದಲಿನ ನಾಲ್ಕು ವಾಕ್ಯಗಳು ಆ ಪದಕ್ಕೆ ಬೇಕಾದ ನೆಲವನ್ನು ಸಿದ್ಧಪಡಿಸಿವೆ. ಸುಳ್ಳು ಯಾವುದು, ಅದನ್ನು ನಂಬಿಸಲು ತೋರಿಸಿದ ವಸ್ತು ಯಾವುದು, ನಂಬಿ ಮಾಡಿದ್ದೇನು, ನಿಜ ತಿಳಿದದ್ದು ಎಲ್ಲಿ, ಆತನಿಗೆ ಮೊದಲೇ ಗೊತ್ತಿತ್ತು ಎನ್ನಲು ಆಧಾರವೇನು ಎಂಬ ಎಲ್ಲದಕ್ಕೂ ಉತ್ತರ ಬಂದಿದೆ. ಎರಡನೆಯ ಕುಟುಂಬದ ಸಂಗತಿ ಇಲ್ಲಿ ಬಹಳ ಮುಖ್ಯವಾದದ್ದು. ಒಂದೇ ಮನೆಯನ್ನು ಇಬ್ಬರಿಗೆ ಕೊಡುವುದಾಗಿ ಹೇಳಿದವನಿಗೆ ಮಾತು ಉಳಿಸಿಕೊಳ್ಳುವ ಉದ್ದೇಶವೇ ಇರಲಿಲ್ಲವೆಂದು ಅದರಿಂದ ತಿಳಿಯುತ್ತದೆ. ಇಂಥ ಆಧಾರ ಕೈಯಲ್ಲಿದ್ದರೆ ಅದನ್ನು ಹತ್ತು ವಿಶೇಷಣಗಳ ಕೆಳಗೆ ಹೂತುಹಾಕಬಾರದು. ದಿನಾಂಕಗಳನ್ನೂ ವರ್ಗಾವಣೆಯ ದಾಖಲೆಗಳನ್ನೂ ಪ್ರತಿ ವಾಕ್ಯದ ಜತೆಗೆ ಸೇರಿಸಬೇಕು.

ಬಾಯಿಮಾತಿನಲ್ಲಿ ಕೊಟ್ಟ ಮಾಹಿತಿಯನ್ನು ಬರೆದುಕೊಂಡ ಮೇಲೆ ಅದನ್ನು ನಮಗೆ ಓದಿ ಹೇಳಬೇಕೆಂದೂ, ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ನೀಡಬಹುದೆಂದೂ, ವಿದ್ಯುನ್ಮಾನ ರೂಪದಲ್ಲಿ ಕಳಿಸಿದ್ದರೆ ಮೂರು ದಿನಗಳೊಳಗೆ ಸಹಿ ಹಾಕಬೇಕೆಂದೂ ಅಲ್ಲಿಯೇ ಹೇಳಿದೆ. ಮರಾಠಿ ಓದಲು ಬಾರದವರು ಸಹಿಗೆ ಮೊದಲು ಬಲ್ಲವರೊಬ್ಬರನ್ನು ಜತೆಗೆ ಕೂರಿಸಿಕೊಂಡು, ‘ಫಸವಣೂಕ’ ಎಂಬ ಪದ ಇದೆಯೇ, ಎದುರಿನವನ ಸುಳ್ಳಿನ ಬಗ್ಗೆ ತಾವು ಕೊಟ್ಟ ವಿವರ ಅದಕ್ಕೂ ಮೊದಲು ಬಂದಿದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಕೈಗಡ ಹಿಂತಿರುಗಿಸಲಿಲ್ಲ ಎಂದಷ್ಟೇ ಅಲ್ಲಿ ಬರೆದಿದ್ದರೆ ತಿದ್ದಿಸಲು ಅದೇ ಸರಿಯಾದ ಸಮಯ.

ನುಡಿಗಟ್ಟುಗಳು ಮತ್ತು ‘ವಂಚಕ’ ಎಂಬ ಹಣೆಪಟ್ಟಿ

ವಂಚನೆಯ ಸುತ್ತ ಕನ್ನಡದಲ್ಲಿ ಬೆಳೆದಿರುವ ನುಡಿಗಟ್ಟುಗಳು ಸಮೃದ್ಧವಾಗಿವೆ, ಒಂದೊಂದಕ್ಕೂ ತನ್ನದೇ ಜಾಗವಿದೆ. ಟೋಪಿ ಹಾಕುವುದು, ಪಂಗನಾಮ ಹಾಕುವುದು ಹಣದ ವಿಷಯದಲ್ಲಿ. ಚಳ್ಳೆಹಣ್ಣು ತಿನ್ನಿಸುವುದು ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳುವಾಗ. ಕಣ್ಣಿಗೆ ಮಣ್ಣೆರಚುವುದು ಕಾವಲಿದ್ದವರ ಎದುರಿನಲ್ಲೇ ಕೆಲಸ ಸಾಧಿಸಿದಾಗ. ಮಂಕುಬೂದಿ ಎರಚುವುದು ಬುದ್ಧಿಯನ್ನೇ ಮಬ್ಬಾಗಿಸಿದಾಗ. ಮೂಗಿಗೆ ತುಪ್ಪ ಸವರುವುದು ಈಡೇರದ ಆಸೆ ತೋರಿಸಿದಾಗ. ಲೇಖನ, ಭಾಷಣಗಳಲ್ಲಿ ಇವು ಜೀವ ತುಂಬುತ್ತವೆ. ಅರ್ಜಿಯಲ್ಲಿ, ನಡಾವಳಿಯಲ್ಲಿ ಇವನ್ನು ಬಳಸಬಾರದು, ಮರಾಠಿಗೆ ತಿರುಗಿಸುವವರ ಕೈಯಲ್ಲಿ ಚಳ್ಳೆಹಣ್ಣು ಏನಾದೀತೆಂದು ಹೇಳಲಾಗದು.

‘ವಂಚಿಸಿದ’ ಎಂಬ ಕ್ರಿಯಾಪದದಿಂದ ‘ವಂಚಕ’ ಎಂಬ ನಾಮಪದಕ್ಕೆ ಹೋಗುವಾಗ ಇನ್ನಷ್ಟು ಎಚ್ಚರ ಬೇಕು. ಮೊದಲನೆಯದು ಒಂದು ಕೃತ್ಯದ ಬಗ್ಗೆ ನಾವು ಕೊಡುವ ಸಾಕ್ಷ್ಯ, ಎರಡನೆಯದು ಇಡೀ ಮನುಷ್ಯನ ಬಗ್ಗೆ ನೀಡುವ ತೀರ್ಪು. ಸಂಘದ ಸೂಚನಾ ಫಲಕದಲ್ಲಿ, ಸಮಾಜದ ಮುಖವಾಣಿಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಫೋಟೊದ ಕೆಳಗೆ ‘ವಂಚಕ’ ಎಂದು ಬರೆದು ಹಂಚಿದರೆ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಯ ದೂರು ನಮ್ಮ ಮೇಲೆಯೇ ಬರಬಹುದು. ನ್ಯಾಯಾಲಯ ತೀರ್ಪು ಕೊಡುವವರೆಗೆ ‘ವಂಚನೆಯ ಆರೋಪ ಎದುರಿಸುತ್ತಿರುವ’, ‘ವಂಚಿಸಿದ್ದಾರೆಂದು ದೂರು ದಾಖಲಾಗಿರುವ’ ಎಂದೇ ಬರೆಯಬೇಕು. ಇತರ ಸದಸ್ಯರನ್ನು ಎಚ್ಚರಿಸಬೇಕಾದ ತುರ್ತು ಇದ್ದರೆ ವ್ಯಕ್ತಿಗಿಂತ ವಿಧಾನವನ್ನು ವಿವರಿಸುವುದು ಹೆಚ್ಚು ಉಪಕಾರಿ. ‘ಮನೆಯ ಮಾಲೀಕತ್ವದ ಆಧಾರವಾಗಿ ವಿದ್ಯುತ್ ಬಿಲ್ ಮಾತ್ರ ತೋರಿಸಿ ಹೆವಿ ಡಿಪಾಸಿಟ್ ಕೇಳುತ್ತಿದ್ದಾರೆ, ಸೊಸೈಟಿಯ ಕಚೇರಿಯಲ್ಲಿ ಷೇರು ಪ್ರಮಾಣಪತ್ರ ಯಾರ ಹೆಸರಿನಲ್ಲಿದೆಯೆಂದು ವಿಚಾರಿಸದೆ ಹಣ ಕೊಡಬೇಡಿ’ ಎಂಬ ಸೂಚನೆ ಯಾರ ಹೆಸರನ್ನೂ ಎತ್ತದೆ ಹತ್ತು ಕುಟುಂಬಗಳನ್ನು ಉಳಿಸುತ್ತದೆ.